ಕಂಟ್ರಿ ಸಂಗೀತಕ್ಕೆ ಗಡಿ ಗುರುತಿಸುವವರು ಯಾರು?

ಅಮೆರಿಕದ ದಕ್ಷಿಣದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಸುದ್ದಿಯನ್ನು ದೂರದಿಂದ ಗಮನಿಸುತ್ತಿರುವವರಿಗೆ ಈಚಿನ ಬೆಳವಣಿಗೆಗಳು ಗೊಂದಲ ಹುಟ್ಟಿಸಿದ್ದರೆ ಆಶ್ಚರ್ಯವಿಲ್ಲ. 2024ರ ಮಾರ್ಚ್‌ನಲ್ಲಿ ಪಾಪ್ ತಾರೆ ಬಿಯಾನ್ಸೆ ‘ಕೌಬಾಯ್ ಕಾರ್ಟರ್’ ಎಂಬ ಆಲ್ಬಂ ಹೊರತಂದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಕಂಟ್ರಿ ಉದ್ಯಮದ ಕೇಂದ್ರವಾದ ಟೆನೆಸಿಯ ನ್ಯಾಶ್‌ವಿಲ್ ನಗರದ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ (ಸಿಎಂಎ) ತನ್ನ ವಾರ್ಷಿಕ ಪ್ರಶಸ್ತಿಗಳ ಸ್ಪರ್ಧಾಪಟ್ಟಿ ಪ್ರಕಟಿಸಿದಾಗ ಆ ಆಲ್ಬಂನ ಹೆಸರು ಒಂದು ವಿಭಾಗದಲ್ಲೂ ಇರಲಿಲ್ಲ. 2025ರ ಫೆಬ್ರುವರಿ 2ರಂದು ಅದೇ ಆಲ್ಬಂ ಗ್ರ್ಯಾಮಿಯಲ್ಲಿ ಶ್ರೇಷ್ಠ ಕಂಟ್ರಿ ಆಲ್ಬಂ ಎನಿಸಿಕೊಂಡಿತು, ವರ್ಷದ ಆಲ್ಬಂ ಪ್ರಶಸ್ತಿಯನ್ನೂ ಬಾಚಿಕೊಂಡಿತು. ನಾಲ್ಕು ತಿಂಗಳ ಬಳಿಕ ಗ್ರ್ಯಾಮಿ ಕೊಡುವ ರೆಕಾರ್ಡಿಂಗ್ ಅಕಾಡೆಮಿ ಆ ಕಂಟ್ರಿ ಪ್ರಶಸ್ತಿಯನ್ನೇ ಎರಡಾಗಿ ಒಡೆಯಿತು: ಸಾಂಪ್ರದಾಯಿಕ ಕಂಟ್ರಿ ಆಲ್ಬಂಗೆ ಒಂದು, ಸಮಕಾಲೀನ ಕಂಟ್ರಿ ಆಲ್ಬಂಗೆ ಇನ್ನೊಂದು. 2026ರ ಫೆಬ್ರುವರಿಯಲ್ಲಿ ಇವನ್ನು ಮೊದಲ ಬಾರಿಗೆ ಕೊಟ್ಟಾಗ ಸಾಂಪ್ರದಾಯಿಕ ಪ್ರಶಸ್ತಿ ಝ್ಯಾಕ್ ಟಾಪ್ ಅವರಿಗೂ ಸಮಕಾಲೀನ ಪ್ರಶಸ್ತಿ ಜೆಲ್ಲಿ ರೋಲ್ ಅವರಿಗೂ ಸಂದವು.

ಒಂದೇ ಆಲ್ಬಂ ಒಂದು ಊರಿನಲ್ಲಿ ಲೆಕ್ಕಕ್ಕೇ ಇಲ್ಲ, ಇನ್ನೊಂದು ಊರಿನಲ್ಲಿ ಸರ್ವಶ್ರೇಷ್ಠ. ಅದು ಗೆದ್ದ ವರ್ಷವೇ ವಿಭಾಗ ಇಬ್ಭಾಗ. ಪಾಪ್ ಸಂಗೀತ ಕಂಟ್ರಿಯೊಳಗೆ ನುಗ್ಗಿ ಅದರ ಜಾಡು ತಪ್ಪಿಸುತ್ತಿದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ಆದರೆ ಪಾಪ್ ನುಗ್ಗಿದ್ದು ಇದೇ ಮೊದಲಲ್ಲ. ಅನೇಕ ಸಲ ನ್ಯಾಶ್‌ವಿಲ್ ತಾನಾಗಿಯೇ ಅದನ್ನು ಬರಮಾಡಿಕೊಂಡಿದೆ. ಹಾಗಾಗಿ ಈ ವಿವರಣೆ ಅರ್ಧವನ್ನಷ್ಟೇ ಹೇಳುತ್ತದೆ. ಉಳಿದರ್ಧ ತಿಳಿಯಬೇಕಾದರೆ ಹಾಡುಗಳ ಜೊತೆಗೆ ಅವನ್ನು ಎಣಿಸುವ, ವಿಂಗಡಿಸುವ, ಬಾನುಲಿಯಲ್ಲಿ ಹಾಕುವ ಸಂಸ್ಥೆಗಳನ್ನೂ ನೋಡಬೇಕಾಗುತ್ತದೆ.

ಎರಡು ಮತಪೆಟ್ಟಿಗೆಗಳು

ಮೊದಲು ಸುಲಭದ ಗಂಟನ್ನು ಬಿಚ್ಚೋಣ. ಸಿಎಂಎಯಲ್ಲಿ ಮತ ಹಾಕುವವರು ಕಂಟ್ರಿ ಸಂಗೀತೋದ್ಯಮದಲ್ಲೇ ದುಡಿಯುವವರು: ಗಾಯಕರು, ಗೀತರಚನಕಾರರು, ರೇಡಿಯೊ ಕೇಂದ್ರದವರು, ರೆಕಾರ್ಡ್ ಕಂಪನಿಯವರು, ಕಾರ್ಯಕ್ರಮ ಆಯೋಜಕರು. ಊರಿಗೆ ಬಂದು, ಜೊತೆಯಲ್ಲಿ ಹಾಡಿ, ರೇಡಿಯೊ ಕೇಂದ್ರಗಳ ಮೆಟ್ಟಿಲು ಹತ್ತಿ ಇಳಿದವರಿಗೆ ಅಲ್ಲಿ ಬೆಲೆ. ಪೋಸ್ಟ್ ಮಲೋನ್ ಹಿಪ್‌ಹಾಪ್ ಮತ್ತು ಪಾಪ್ ಕಡೆಯಿಂದ ಬಂದವರು. ಅವರು 2024ರಲ್ಲಿ ನ್ಯಾಶ್‌ವಿಲ್‌ನ ಹೆಸರಾಂತ ಗಾಯಕರನ್ನು ಸೇರಿಸಿಕೊಂಡು ಕಂಟ್ರಿ ಆಲ್ಬಂ ಮಾಡಿದರು, ಅಲ್ಲಿನ ಹೆಸರಾಂತ ಕಂಟ್ರಿ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿಯ ವೇದಿಕೆ ಹತ್ತಿದರು. ಅದೇ ವರ್ಷದ ಸಿಎಂಎ ಪಟ್ಟಿಯಲ್ಲಿ ಅವರಿಗೆ ನಾಲ್ಕು ನಾಮನಿರ್ದೇಶನಗಳು ಸಿಕ್ಕವು. ಬಿಯಾನ್ಸೆ ಆ ಸುತ್ತಾಟ ಮಾಡಲಿಲ್ಲ. ತಮ್ಮದು ಕಂಟ್ರಿ ಆಲ್ಬಂ ಎನ್ನುವುದಕ್ಕಿಂತ ಬಿಯಾನ್ಸೆ ಆಲ್ಬಂ ಎಂದು ಮೊದಲೇ ಹೇಳಿಕೊಂಡಿದ್ದರು.

ಗ್ರ್ಯಾಮಿಯ ಮತದಾರರು ಎಲ್ಲ ಪ್ರಕಾರಗಳಿಗೂ ಸೇರಿದವರು, 2025ರ ಪ್ರಶಸ್ತಿಯ ಹೊತ್ತಿಗೆ ಸುಮಾರು 13,000 ಮಂದಿ. ಅಂತಿಮ ಸುತ್ತಿನಲ್ಲಿ ಪಾಪ್ ಅಥವಾ ಜಾಝ್ ಸಂಗೀತಗಾರರೂ ಕಂಟ್ರಿ ವಿಭಾಗಕ್ಕೆ ಮತ ಹಾಕಬಹುದು. ಮತದಾರರೇ ಬೇರೆಯಾದ ಮೇಲೆ ತೀರ್ಪೂ ಬೇರೆಯಾಗುವುದು ಸಹಜ. ಇಷ್ಟಕ್ಕೇ ನಿಂತರೆ ನ್ಯಾಶ್‌ವಿಲ್ ಮಾಡಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಒಂದು ಅಂಕಿ ನಮ್ಮನ್ನು ಇಷ್ಟಕ್ಕೇ ನಿಲ್ಲಲು ಬಿಡುವುದಿಲ್ಲ. ಆ ಆಲ್ಬಂನ ಮೊದಲ ಹಾಡು ‘ಟೆಕ್ಸಸ್ ಹೋಲ್ಡ್ ಎಮ್’, ಹಾಡುಗಳ ಜನಪ್ರಿಯತೆಯ ಪಟ್ಟಿಗಳನ್ನು ಪ್ರಕಟಿಸುವ ಬಿಲ್‌ಬೋರ್ಡ್ ಪತ್ರಿಕೆಯ ‘ಹಾಟ್ ಕಂಟ್ರಿ ಸಾಂಗ್ಸ್’ ಪಟ್ಟಿಯಲ್ಲಿ 10 ವಾರ ಮೊದಲ ಸ್ಥಾನದಲ್ಲಿತ್ತು; ಆ ಸ್ಥಾನಕ್ಕೇರಿದ ಮೊದಲ ಕಪ್ಪು ವರ್ಣೀಯ ಮಹಿಳೆ ಬಿಯಾನ್ಸೆ. ಕಂಟ್ರಿ ರೇಡಿಯೊ ಪ್ರಸಾರವನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಅದೇ ಹಾಡು 33ನೇ ಸ್ಥಾನದಿಂದ ಮೇಲೇರಲಿಲ್ಲ. ಜನ ಕೇಳುತ್ತಿದ್ದ ಹಾಡಿಗೂ ರೇಡಿಯೊ ಹಾಕುತ್ತಿದ್ದ ಹಾಡಿಗೂ ಇಷ್ಟು ಅಂತರ ಏಕೆ ಬಂತು?

ಹುಟ್ಟಿನಲ್ಲೇ ಬೆರೆತದ್ದು

ಉತ್ತರದ ಎಳೆ ನೂರು ವರ್ಷ ಹಿಂದಕ್ಕೆ ಹೋಗುತ್ತದೆ. 1923ರಲ್ಲಿ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುವಾದಕನ ಹಾಡನ್ನು ರೆಕಾರ್ಡ್ ಕಂಪನಿಯೊಂದರ ರಾಲ್ಫ್ ಪಿಯರ್ ಧ್ವನಿಮುದ್ರಿಸಿದರು. 1927ರಲ್ಲಿ ಅದೇ ಪಿಯರ್ ಟೆನೆಸಿಯ ಬ್ರಿಸ್ಟಲ್‌ಗೆ ಯಂತ್ರ ಹೊತ್ತೊಯ್ದು ಕಾರ್ಟರ್ ಕುಟುಂಬದ ಗಾಯಕರನ್ನೂ ಗಾಯಕ ಜಿಮ್ಮಿ ರಾಜರ್ಸ್‌ರನ್ನೂ ಜಗತ್ತಿಗೆ ಪರಿಚಯಿಸಿದರು. ಆ ಹೊತ್ತಿಗಾಗಲೇ ರೆಕಾರ್ಡ್ ಕಂಪನಿಗಳು ದಕ್ಷಿಣದ ಸಂಗೀತವನ್ನು ಎರಡು ಕ್ಯಾಟಲಾಗ್‌ಗಳಾಗಿ ಸೀಳಿದ್ದವು. ಬಿಳಿಯರಿಗೆ ಮಾರುವುದಕ್ಕೆ ‘ಹಿಲ್‌ಬಿಲಿ’, ಕಪ್ಪು ಜನರಿಗೆ ಮಾರುವುದಕ್ಕೆ ‘ರೇಸ್ ರೆಕಾರ್ಡ್ಸ್’. ಹಾಡುವವರು ಒಬ್ಬರಿಂದೊಬ್ಬರು ಕಲಿಯುತ್ತಿದ್ದರು, ಒಂದೇ ಹಾಡನ್ನು ಇಬ್ಬರೂ ಹಾಡುತ್ತಿದ್ದರು. ಗೆರೆ ಇದ್ದದ್ದು ಅಂಗಡಿಯ ಕಪಾಟಿನಲ್ಲಿ.

ಸಾಕ್ಷಿಗಳು ಬೇಕಾದಷ್ಟಿವೆ. ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಳ್ಳಿಗಳಲ್ಲಿ ಹಾಡು ಸಂಗ್ರಹಿಸಲು ಹೋಗುವಾಗ ರಾಗವನ್ನು ನೆನಪಿಟ್ಟುಕೊಳ್ಳುತ್ತಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್‌ವಾದಕ. ಕಂಟ್ರಿಯ ಮೇರು ಗಾಯಕ ಹ್ಯಾಂಕ್ ವಿಲಿಯಮ್ಸ್‌ಗೆ ಬಾಲ್ಯದಲ್ಲಿ ಪಾಠ ಹೇಳಿಕೊಟ್ಟವರು ರೂಫಸ್ ಪೇನ್ ಎಂಬ ಕಪ್ಪು ಬೀದಿಗಾಯಕ. 1930ರಲ್ಲಿ ಜಿಮ್ಮಿ ರಾಜರ್ಸ್ ಹಾಡಿದ ಒಂದು ಗೀತೆಗೆ ತುತ್ತೂರಿ ಊದಿದವರು ಕಪ್ಪು ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್. 1925ರಲ್ಲಿ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೊ ಆರಂಭಿಸಿದ, ಮುಂದೆ ಗ್ರ್ಯಾಂಡ್ ಓಲ್ ಓಪ್ರಿ ಎಂದು ಹೆಸರಾದ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಡಿಫೋರ್ಡ್ ಬೇಲಿ ಎಂಬ ಕಪ್ಪು ಹಾರ್ಮೋನಿಕಾವಾದಕ ಒಬ್ಬರು. 1941ರಲ್ಲಿ ಅವರನ್ನು ಕೈಬಿಡಲಾಯಿತು.

ವಾದ್ಯಗಳ ಕಥೆಯೂ ಹೀಗೆಯೇ. ಬ್ಯಾಂಜೊದ ಮೂಲ ಪಶ್ಚಿಮ ಆಫ್ರಿಕ. ಗುಲಾಮರಾಗಿ ಬಂದವರು ಆ ವಾದ್ಯದ ನೆನಪನ್ನು ತಂದರು. ಪಿಟೀಲು ಬ್ರಿಟನ್ ದ್ವೀಪಗಳಿಂದ ಬಂತು, ಮ್ಯಾಂಡೊಲಿನ್ ಇಟಲಿಯಿಂದ. ಕಂಟ್ರಿಯ ಗುರುತೇ ಎನಿಸಿರುವ ಸ್ಟೀಲ್ ಗಿಟಾರ್ ಹವಾಯಿಯದು. (ಅದೇ ಹವಾಯಿ ಗಿಟಾರ್ ಭಾರತಕ್ಕೂ ಬಂದು ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಕೊಂಡಿತು. ಅದನ್ನು ಮೋಹನವೀಣೆಯಾಗಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು.) ಹೀಗಿರುವಾಗ ಪಾಪ್ ಬರುವ ಮುನ್ನ ಶುದ್ಧವಾಗಿದ್ದ ಕಂಟ್ರಿಯೊಂದು ಇತ್ತು ಎಂದು ಹುಡುಕಹೊರಟರೆ ಅದು ಎಲ್ಲೂ ಸಿಗುವುದಿಲ್ಲ.

ಪಿಟೀಲು ಹೊರಗೆ, ವಯೊಲಿನ್ ಒಳಗೆ

ನ್ಯಾಶ್‌ವಿಲ್ ತಾನಾಗಿ ಪಾಪ್‌ನ ಕೈ ಹಿಡಿದದ್ದು 1950ರ ದಶಕದ ಕೊನೆಯಲ್ಲಿ. ಕಾರಣ ಸ್ಪಷ್ಟ. ರಾಕ್ ಆ್ಯಂಡ್ ರೋಲ್ ಎದ್ದು ಬಂದು ಯುವಕರನ್ನೆಲ್ಲ ಸೆಳೆದುಕೊಂಡಿತು, ರೇಡಿಯೊ ಕೇಂದ್ರಗಳು ಅದರ ಹಿಂದೆ ಹೋದವು. ದಿನವಿಡೀ ಕಂಟ್ರಿ ಹಾಕುವ ಕೇಂದ್ರಗಳು 1961ರಲ್ಲೂ ಇಡೀ ಅಮೆರಿಕದಲ್ಲಿ 81 ಮಾತ್ರ ಇದ್ದವು. ಈ ಕುಸಿತವನ್ನು ತಡೆಯುವುದಕ್ಕೆಂದೇ 1958ರಲ್ಲಿ ಸಿಎಂಎ ಹುಟ್ಟಿದ್ದು.

ಆರ್‌ಸಿಎ ಕಂಪನಿಯ ಚೆಟ್ ಆಟ್ಕಿನ್ಸ್ ಮತ್ತು ಡೆಕ್ಕಾ ಕಂಪನಿಯ ಓವನ್ ಬ್ರ್ಯಾಡ್ಲಿ ಕಂಡುಕೊಂಡ ಉಪಾಯ ಇದು: ಹಳ್ಳಿಯ ಧಾಟಿಯ ಪಿಟೀಲನ್ನೂ ಸ್ಟೀಲ್ ಗಿಟಾರನ್ನೂ ಹಿಂದೆ ಸರಿಸಿ, ಆ ಜಾಗದಲ್ಲಿ ವಯೊಲಿನ್‌ಗಳ ಮೇಳವನ್ನೂ ಹಿನ್ನೆಲೆಯ ಮೃದು ದನಿಗಳನ್ನೂ ತಂದರೆ ನಗರದ ಮಧ್ಯಮವರ್ಗದವರೂ ಕೇಳುತ್ತಾರೆ. ಅವರೂ ಕೇಳಿದರೆ ಜಾಹೀರಾತು ಬರುತ್ತದೆ. 1961ರಲ್ಲಿ ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’ ಈ ಧಾಟಿಯ ಶಿಖರ. ಅಂದಿನ ಹಳೆಯ ಶ್ರೋತೃಗಳಿಗೆ ಅದು ಪಾಪ್. ಇಂದು ಅದನ್ನು ಕಂಟ್ರಿಯ ಅಪ್ಪಟ ಮಾದರಿ ಎಂದು ಎಲ್ಲರೂ ಒಪ್ಪುತ್ತಾರೆ. ಈ ಧಾಟಿಗೆ ಎದುರಾಗಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಬಕ್ ಓವನ್ಸ್ ಮತ್ತು ಮರ್ಲ್ ಹ್ಯಾಗರ್ಡ್ ಒರಟಾದ, ಸ್ಟೀಲ್ ಗಿಟಾರ್ ತುಂಬಿದ ಸಂಗೀತ ಕಟ್ಟಿದರು. ನಯ ಹೆಚ್ಚಾದಾಗ ಒರಟು ಎದ್ದೇಳುವ ಈ ಚಕ್ರ ಆಮೇಲೆ ಪ್ರತಿ ಹತ್ತು ಹದಿನೈದು ವರ್ಷಕ್ಕೊಮ್ಮೆ ತಿರುಗಿದೆ.

1974ರಲ್ಲಿ ಆಸ್ಟ್ರೇಲಿಯಾದಲ್ಲಿ ಬೆಳೆದ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್-ಜಾನ್‌ರಿಗೆ ಸಿಎಂಎ ವರ್ಷದ ಗಾಯಕಿ ಪ್ರಶಸ್ತಿ ಕೊಟ್ಟಾಗ ಸಿಟ್ಟಿಗೆದ್ದ ಕಲಾವಿದರು ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ದಂಪತಿಯ ಮನೆಯಲ್ಲಿ ಸಭೆ ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಮರುವರ್ಷ ಸಿಎಂಎ ವೇದಿಕೆಯಲ್ಲಿ ಕಂಟ್ರಿ ಗಾಯಕ ಚಾರ್ಲಿ ರಿಚ್ ವರ್ಷದ ಅತ್ಯುನ್ನತ ಪ್ರಶಸ್ತಿಯ ಲಕೋಟೆ ತೆರೆದರು, ಒಳಗಿದ್ದ ಚೀಟಿಗೆ ಲೈಟರ್‌ನಿಂದ ಬೆಂಕಿ ಹಚ್ಚಿದರು, ಆಮೇಲೆ ಪಾಪ್ ಕೇಳುಗರ ಮೆಚ್ಚಿನ ಗಾಯಕ ಜಾನ್ ಡೆನ್ವರ್ ಹೆಸರು ಓದಿದರು. ಅದು ಪಾಪ್ ವಿರುದ್ಧದ ಪ್ರತಿಭಟನೆ ಎಂದೇ ಇತಿಹಾಸದಲ್ಲಿ ದಾಖಲಾಯಿತು. ಆದರೆ ಎರಡೇ ವರ್ಷ ಹಿಂದೆ ಚಾರ್ಲಿ ರಿಚ್ ಅವರ ಹಾಡು ವಯೊಲಿನ್ ಮೇಳದ ಮೇಲೇರಿ ಪಾಪ್ ಪಟ್ಟಿಯ ತುದಿ ಮುಟ್ಟಿತ್ತು. ಆ ಹೊಸ ಸಂಘದಲ್ಲಿದ್ದ ಡಾಲಿ ಪಾರ್ಟನ್ 1977ರಲ್ಲಿ ತಾವೇ ಪಾಪ್ ಕಡೆ ದಾಟಿದರು. ಗಡಿ ಕಾಯಲು ನಿಂತವರೂ ಗಡಿ ದಾಟಿ ಬೆಳೆದವರೇ ಆಗಿದ್ದರು. ಅವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಕಂಟ್ರಿ ಕಲಾವಿದನ ಬದುಕು ಯಾವತ್ತೂ ಎರಡೂ ಮಾರುಕಟ್ಟೆಗಳ ನಡುವೆ ಸಾಗಿದೆ ಎಂಬುದಕ್ಕೆ ಇವು ನಿದರ್ಶನಗಳು.

ಎಣಿಕೆ ಬದಲಾದರೆ ಹಾಡೂ ಬದಲಾಗುತ್ತದೆ

ರುಚಿ ಬದಲಾದದ್ದರಿಂದ ಸಂಗೀತ ಬದಲಾಯಿತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕಂಟ್ರಿಯ ವಿಷಯದಲ್ಲಿ ದೊಡ್ಡ ತಿರುವುಗಳ ಹಿಂದೆ ಎಣಿಕೆಯ ವಿಧಾನ ಬದಲಾದದ್ದೂ ಕಾಣುತ್ತದೆ.

1991ರವರೆಗೆ ಬಿಲ್‌ಬೋರ್ಡ್ ಮಾರಾಟಪಟ್ಟಿಗಳು ಅಂಗಡಿಯವರ ಬಾಯಿಮಾತನ್ನು ನಂಬಿ ಸಿದ್ಧವಾಗುತ್ತಿದ್ದವು. ಆ ವರ್ಷ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂತು. ಬಾರ್‌ಕೋಡ್ ಓದಿದಾಗಲೆಲ್ಲ ಒಂದು ಮಾರಾಟ ಲೆಕ್ಕಕ್ಕೆ ಸೇರತೊಡಗಿತು. ಕಂಟ್ರಿ ಎಷ್ಟು ಮಾರುತ್ತಿದೆ ಎಂಬುದು ನಗರದ ರೆಕಾರ್ಡ್ ಕಂಪನಿಗಳಿಗೆ ಗೊತ್ತಾದದ್ದೇ ಆಗ. ಅದೇ ವರ್ಷ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್ ಅವರ ಆಲ್ಬಂ ಎಲ್ಲ ಪ್ರಕಾರಗಳ ಆಲ್ಬಂ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂದಿಳಿಯಿತು. ಹಣ ಹರಿದುಬಂತು. 1997ರಲ್ಲಿ ಶನಾಯಾ ಟ್ವೈನ್ ಅವರ ‘ಕಮ್ ಆನ್ ಓವರ್’ ಬರುವ ಹೊತ್ತಿಗೆ ಒಂದೇ ಆಲ್ಬಂ ಎರಡು ವೇಷದಲ್ಲಿ ಮಾರಾಟವಾಗುವ ಕಾಲ ಬಂದಿತ್ತು: ಅಮೆರಿಕದ ಕಂಟ್ರಿ ಕೇಳುಗರಿಗೆ ಪಿಟೀಲು, ಸ್ಟೀಲ್ ಗಿಟಾರ್ ಇರುವ ಆವೃತ್ತಿ, ಹೊರದೇಶಗಳಿಗೆ ಅವನ್ನು ತಗ್ಗಿಸಿ ಪಾಪ್ ಬಣ್ಣ ಬಳಿದ ಆವೃತ್ತಿ.

ಇದರ ನಡುವೆ 1996ರ ದೂರಸಂಪರ್ಕ ಕಾಯ್ದೆ ಬಂತು. ಒಂದು ಕಂಪನಿ ದೇಶದಾದ್ಯಂತ 40ಕ್ಕಿಂತ ಹೆಚ್ಚು ರೇಡಿಯೊ ಕೇಂದ್ರ ಹೊಂದುವಂತಿಲ್ಲ ಎಂಬ ಮಿತಿ ಹೋಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯ ಕೈಗೆ ಸುಮಾರು 1,200 ಕೇಂದ್ರಗಳು ಬಂದವು. ಊರೂರಿನ ನಿರೂಪಕ ತನ್ನ ಇಷ್ಟದಂತೆ ಹಾಡು ಹಾಕುವ ಕಾಲ ಮುಗಿದು, ದೂರದ ಕಚೇರಿಯಲ್ಲಿ ತಯಾರಾದ ಚಿಕ್ಕ ಪಟ್ಟಿ ದೇಶದ ತುಂಬ ಓಡಾಡತೊಡಗಿತು. ಪಟ್ಟಿ ಚಿಕ್ಕದಾದಷ್ಟೂ ಅದರಲ್ಲಿ ಅಪಾಯಕ್ಕೆ ಕೈಹಾಕುವವರು ಕಡಿಮೆ. ಇದರ ಮೊದಲ ಹೊಡೆತ ಬಿದ್ದದ್ದು ಮಹಿಳೆಯರ ಮೇಲೆ. 2015ರಲ್ಲಿ ಕೀತ್ ಹಿಲ್ ಎಂಬ ರೇಡಿಯೊ ಸಲಹೆಗಾರ, ಕೇಳುಗರನ್ನು ಉಳಿಸಿಕೊಳ್ಳಬೇಕಾದರೆ ಗಾಯಕಿಯರ ಹಾಡು ಕಡಿಮೆ ಮಾಡಿ, ಒಬ್ಬರಾದ ಮೇಲೆ ಇನ್ನೊಬ್ಬರನ್ನು ಹಾಕಬೇಡಿ ಎಂದು ಬಹಿರಂಗವಾಗಿಯೇ ಹೇಳಿದರು. ಕಂಟ್ರಿ ರೇಡಿಯೊ ಎಂಬ ಸಲಾಡ್‌ನಲ್ಲಿ ಗಾಯಕಿಯರು ನಡುನಡುವೆ ಸಿಗುವ ಟೊಮೆಟೊ ಇದ್ದಂತೆ ಎಂದದ್ದೂ ಅವರೇ.

ಇನ್ನೊಂದು ತಿರುವು 2012ರ ಅಕ್ಟೋಬರ್‌ನದು. ನನ್ನ ದೃಷ್ಟಿಯಲ್ಲಿ ಇಂದಿನ ಗೊಂದಲಕ್ಕೆಲ್ಲ ಮೂಲ ಇದು. ಅಲ್ಲಿಯವರೆಗೆ ‘ಹಾಟ್ ಕಂಟ್ರಿ ಸಾಂಗ್ಸ್’ ಪಟ್ಟಿ ಕಂಟ್ರಿ ಕೇಂದ್ರಗಳ ಪ್ರಸಾರವನ್ನಷ್ಟೇ ಎಣಿಸುತ್ತಿತ್ತು. ಆ ತಿಂಗಳಿನಿಂದ ಬಿಲ್‌ಬೋರ್ಡ್ ಮಾರಾಟ, ಇಂಟರ್‌ನೆಟ್ ಆಲಿಕೆ ಮತ್ತು ಎಲ್ಲ ಬಗೆಯ ರೇಡಿಯೊ ಕೇಂದ್ರಗಳ ಪ್ರಸಾರವನ್ನು ಒಟ್ಟು ಮಾಡಿ ಎಣಿಸತೊಡಗಿತು. ಪಾಪ್ ಕೇಂದ್ರದಲ್ಲಿ ಹಾಡು ಬಂದರೂ ಅದರ ಪುಣ್ಯ ಕಂಟ್ರಿ ಪಟ್ಟಿಗೆ ಜಮೆಯಾಗುವಂತಾಯಿತು. ಹೊಸ ಲೆಕ್ಕದ ಮೊದಲ ವಾರವೇ ಟೇಲರ್ ಸ್ವಿಫ್ಟ್ ಅವರ ಅಪ್ಪಟ ಪಾಪ್ ಧಾಟಿಯ ಹಾಡು ಕಂಟ್ರಿ ಪಟ್ಟಿಯ ತುದಿಗೆ ನೆಗೆಯಿತು. ಮರುವರ್ಷ ಫ್ಲಾರಿಡಾ ಜಾರ್ಜಿಯಾ ಲೈನ್ ಎಂಬ ಜೋಡಿಯ ‘ಕ್ರೂಸ್’ ಹಾಡಿಗೆ ರ‍್ಯಾಪ್ ಗಾಯಕ ನೆಲ್ಲಿಯವರ ದನಿ ಸೇರಿಸಿ ಮತ್ತೆ ಬಿಟ್ಟರು. ಅದು ಒಟ್ಟು 24 ವಾರ ಮೊದಲ ಸ್ಥಾನದಲ್ಲಿತ್ತು. ಪಾಪ್ ಗಾಯಕಿ ಬೀಬಿ ರೆಕ್ಸಾ ಜೊತೆ ಅದೇ ಜೋಡಿ ಮಾಡಿದ ಇನ್ನೊಂದು ಹಾಡು 50 ವಾರ ಅಲ್ಲಿಂದ ಕದಲಲಿಲ್ಲ.

ನ್ಯಾಶ್‌ವಿಲ್ ಪಾಠ ಕಲಿಯಿತು: ಪಾಪ್ ಕೇಳುಗನನ್ನೂ ಹಿಡಿದ ಹಾಡು ಕಂಟ್ರಿಯಲ್ಲೂ ಗೆಲ್ಲುತ್ತದೆ. ಈ ಪಾಠ ಹಾಡು ಹುಟ್ಟುವ ಕೋಣೆಗೂ ಇಳಿಯಿತು. ಮ್ಯೂಸಿಕ್ ರೋ ಬೀದಿಯ ಪ್ರಕಾಶನ ಕಚೇರಿಗಳಲ್ಲಿ ಗೀತರಚನೆ ಒಂದು ಉದ್ಯೋಗ. ಹತ್ತು ಹನ್ನೊಂದು ಗಂಟೆಗೆ ಸಮಯ ಗೊತ್ತುಮಾಡಿಕೊಂಡು ಇಬ್ಬರು ಮೂವರು ಸೇರುತ್ತಾರೆ, ಸಂಜೆಯೊಳಗೆ ಹಾಡು ಮುಗಿಯುತ್ತದೆ. ಮೊದಲು ಎಲ್ಲರ ಕೈಯಲ್ಲೂ ಗಿಟಾರ್ ಇರುತ್ತಿತ್ತು. ಈಗ ಒಬ್ಬರ ಮುಂದೆ ಲ್ಯಾಪ್‌ಟಾಪ್ ಇರುತ್ತದೆ. ತಾಳ, ಚಿಟಿಕೆಯ ಸದ್ದು, ಆಳದ ಬೇಸ್ ಎಲ್ಲ ಅದರಿಂದ ಮೊದಲೇ ಸಿದ್ಧ. ಸಾಹಿತ್ಯವನ್ನು ಆ ತಾಳಕ್ಕೆ ಹೊಂದಿಸಿ ಬರೆಯುತ್ತಾರೆ. ಕತೆ ಹೇಳುವ ಉದ್ದನೆಯ ಸಾಲುಗಳು ಕಡಿಮೆಯಾಗಿ ಪ್ರಾಸದ ತುಂಡು ಸಾಲುಗಳು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ.

19 ವಾರದ ಎರಡು ಹಾಡು

ಈ ಹಿನ್ನೆಲೆಯಲ್ಲಿ 2019ರ ಘಟನೆಯನ್ನು ನೋಡಬೇಕು. ಅಟ್ಲಾಂಟಾದ ಲಿಲ್ ನ್ಯಾಸ್ ಎಕ್ಸ್ ಎಂಬ ಕಪ್ಪು ಯುವಕ ಇಂಟರ್‌ನೆಟ್‌ನಲ್ಲಿ 30 ಡಾಲರ್‌ಗೆ ಒಂದು ತಾಳಪಟ್ಟಿ ಕೊಂಡ. ಅದರಲ್ಲಿ ಬ್ಯಾಂಜೊ ಮೀಟಿದಂಥ ಎಳೆಯಿತ್ತು, ಕೆಳಗೆ ಹಿಪ್‌ಹಾಪ್‌ನ ಬೇಸ್. ಮೇಲೆ ಕುದುರೆ, ಟೋಪಿ, ಹಳೆಯ ದಾರಿಯ ಮಾತು ಸೇರಿಸಿ ಎರಡು ನಿಮಿಷವೂ ತುಂಬದ ‘ಓಲ್ಡ್ ಟೌನ್ ರೋಡ್’ ಮಾಡಿದ. ಅದು ಕಂಟ್ರಿ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಬಂತು. ಮರುವಾರವೇ ಬಿಲ್‌ಬೋರ್ಡ್ ಅದನ್ನು ಅಲ್ಲಿಂದ ತೆಗೆದುಹಾಕಿತು. ಪತ್ರಿಕೆಯೊಂದು ಕೇಳಿದ ಮೇಲೆ, ಇಂದಿನ ಕಂಟ್ರಿಯ ಅಂಶಗಳು ಇದರಲ್ಲಿ ಸಾಕಷ್ಟಿಲ್ಲ ಎಂಬ ಕಾರಣ ಕೊಟ್ಟಿತು. ಎಲ್ಲ ಪ್ರಕಾರಗಳ ಮುಖ್ಯ ಪಟ್ಟಿಯಲ್ಲಿ ಆ ಹಾಡು 19 ವಾರ ಮೊದಲ ಸ್ಥಾನದಲ್ಲಿ ಕೂತು ಅಂದಿನ ಎಲ್ಲ ದಾಖಲೆ ಮುರಿಯಿತು.

ಆ ಕಾರಣವನ್ನು ನಂಬುವುದು ಕಷ್ಟ. ಏಳು ವರ್ಷಗಳಿಂದ ಹಿಪ್‌ಹಾಪ್ ತಾಳವನ್ನೂ ರ‍್ಯಾಪ್ ಧಾಟಿಯನ್ನೂ ಬಳಸಿದ ಬಿಳಿಯ ಗಾಯಕರ ಹಾಡುಗಳು ಅದೇ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಇದ್ದವು. ಧಾಟಿಯೇ ಅಳತೆಗೋಲಾಗಿದ್ದರೆ ಅವೂ ಹೊರಗೆ ಹೋಗಬೇಕಿತ್ತು. ಕಂಟ್ರಿಯ ಗಡಿ ಪಾಪ್ ಮತ್ತು ಹಿಪ್‌ಹಾಪ್ ಸದ್ದಿಗೆ ತೆರೆದುಕೊಂಡಷ್ಟು ಸಲೀಸಾಗಿ ಆ ಸದ್ದನ್ನು ಹುಟ್ಟಿಸಿದ ಜನರಿಗೆ ತೆರೆದುಕೊಂಡಿರಲಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಆದರೂ ಐದು ವರ್ಷಗಳಲ್ಲಿ ಒಂದಿಷ್ಟು ಬದಲಾಯಿತು. 2024ರಲ್ಲಿ ವರ್ಜೀನಿಯಾದ, ನೈಜೀರಿಯಾ ಮೂಲದ ಕುಟುಂಬದ ಶಬೂಝಿ ಹಾಡಿದ ‘ಎ ಬಾರ್ ಸಾಂಗ್’ ಕೂಡ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿತ್ತು. ಅದರ ಪಲ್ಲವಿ 2004ರ ರ‍್ಯಾಪ್ ಹಾಡೊಂದರಿಂದ ಬಂದದ್ದು. ಈ ಬಾರಿ ಬಿಲ್‌ಬೋರ್ಡ್ ಅದನ್ನು ಕಂಟ್ರಿ ಪಟ್ಟಿಯಲ್ಲೇ ಇಟ್ಟಿತು. ಕಂಟ್ರಿ ರೇಡಿಯೊ ಪಟ್ಟಿಯಲ್ಲೂ ಅದು ಮೊದಲ ಸ್ಥಾನಕ್ಕೇರಿತು. ಹಿಂದಿನ ವರ್ಷವಷ್ಟೇ ಟ್ರೇಸಿ ಚ್ಯಾಪ್‌ಮನ್ 1988ರಲ್ಲಿ ಬರೆದು ಹಾಡಿದ್ದ ‘ಫಾಸ್ಟ್ ಕಾರ್’ ಅನ್ನು ಕಂಟ್ರಿ ಗಾಯಕ ಲೂಕ್ ಕೂಂಬ್ಸ್ ಮತ್ತೆ ಹಾಡಿ, ಸಿಎಂಎಯ ವರ್ಷದ ಗೀತೆ ಪ್ರಶಸ್ತಿ ಚ್ಯಾಪ್‌ಮನ್ ಅವರಿಗೆ ಬಂದಿತ್ತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವರ್ಣೀಯರು ಅವರು. ಶಬೂಝಿಗೂ ಬಿಯಾನ್ಸೆಗೂ ರೇಡಿಯೊದಲ್ಲಿ ಸಿಕ್ಕ ಜಾಗದ ವ್ಯತ್ಯಾಸಕ್ಕೆ ಹಾಡಿನ ಗುಣ, ಪ್ರಚಾರದ ರೀತಿ, ಹೆಣ್ಣು ದನಿಗಳ ಬಗ್ಗೆ ಆ ಕೇಂದ್ರಗಳಿಗಿರುವ ಹಳೆಯ ಹಿಂಜರಿಕೆ, ಎಲ್ಲವೂ ಸೇರಿರಬಹುದು. ಹಾಗಾಗಿ ಎಲ್ಲವನ್ನೂ ವರ್ಣಭೇದದ ಒಂದೇ ಖಾತೆಗೆ ಬರೆಯುವುದೂ ಸರಿಯಲ್ಲ.

ಸಂಪ್ರದಾಯದ ಪರವಾಗಿ

ಹಳೆಯ ಧಾಟಿಯ ಪರ ನಿಂತವರನ್ನೆಲ್ಲ ಸಂಕುಚಿತರು ಎಂದು ತಳ್ಳಿಹಾಕುವ ರೂಢಿ ಈಗ ಬಂದಿದೆ. ಅದು ಅನ್ಯಾಯ. ಅವರ ವಾದದಲ್ಲಿ ಹುರುಳಿದೆ.

ಪೆಡಲ್ ಸ್ಟೀಲ್ ಗಿಟಾರನ್ನೇ ತೆಗೆದುಕೊಳ್ಳಿ. ಕಾಲುಗಳ ಮೇಲೆ ನಿಲ್ಲಿಸಿದ, ಕಿರಿದಾದ ಮೇಜಿನಂತೆ ಕಾಣುವ ವಾದ್ಯ ಅದು. ಎಡಗೈಯಲ್ಲಿ ನುಣುಪಾದ ಉಕ್ಕಿನ ದುಂಡು ಸರಳು ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈ ಬೆರಳುಗಳಿಂದ ಮೀಟಬೇಕು. ಎಡಗಾಲು ಪೆಡಲ್‌ಗಳನ್ನು ಒತ್ತುತ್ತದೆ, ಮೊಣಕಾಲುಗಳು ಅಕ್ಕಪಕ್ಕದ ಸನ್ನೆಗಳನ್ನು ತಳ್ಳುತ್ತವೆ, ಬಲಗಾಲು ದನಿಯನ್ನು ಏರಿಸಿ ಇಳಿಸುತ್ತದೆ. ಒಂದು ತಂತಿ ನಿಂತಲ್ಲೇ ನಿಂತಿರುವಾಗ ಪಕ್ಕದ ತಂತಿಯ ಸ್ವರವಷ್ಟೇ ಮೆಲ್ಲಗೆ ಏರುತ್ತದೆ. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕ ತೆಗೆದಂತೆ, ಆದರೆ ಏಕಕಾಲಕ್ಕೆ ಹಲವು ತಂತಿಗಳಲ್ಲಿ. ಕಂಟ್ರಿಯ ಅಳುವಂಥ ದನಿ ಬರುವುದು ಇಲ್ಲಿಂದ. ಇದು ಕೈಗೂಡಲು ವರ್ಷಗಳೇ ಬೇಕು. ಸ್ಟುಡಿಯೊಗಳು ಈ ವಾದಕರನ್ನು ಕರೆಯುವುದು ನಿಲ್ಲಿಸಿದರೆ ಕಲಿಯುವವರೂ ನಿಲ್ಲುತ್ತಾರೆ. ಒಂದು ತಲೆಮಾರು ತಪ್ಪಿದರೆ ಕಸುಬು ಹೋಯಿತು. ಎಲ್ಲವನ್ನೂ ಕಂಟ್ರಿ ಎಂದರೆ ಆ ಹೆಸರನ್ನು ಹಿಡಿದು ಈ ದನಿಯನ್ನು ಹುಡುಕಿ ಬಂದವನಿಗೆ ಅದು ಸಿಗುವುದೇ ಇಲ್ಲ ಎಂಬ ಅವರ ಅಳಲು ನಿಜವಾದದ್ದು.

ಇದಕ್ಕೆ ಎದುರಾಗಿ, ಬೆರೆಯುತ್ತ ಬಂದದ್ದರಿಂದಲೇ ಕಂಟ್ರಿ ಬದುಕಿದೆ ಎನ್ನುವವರಿದ್ದಾರೆ. 2023ರ ಆಗಸ್ಟ್‌ನಲ್ಲಿ ಅಮೆರಿಕದ ಮುಖ್ಯ ಪಟ್ಟಿಯ ಮೊದಲ ಮೂರೂ ಸ್ಥಾನಗಳು ಇತಿಹಾಸದಲ್ಲೇ ಮೊದಲ ಬಾರಿಗೆ ಕಂಟ್ರಿ ಹಾಡುಗಳ ಪಾಲಾದದ್ದನ್ನು ಅವರು ತೋರಿಸುತ್ತಾರೆ. ಮೂರನೆಯ ಗುಂಪು ಇತಿಹಾಸಕಾರರದು ಮತ್ತು ಕಪ್ಪು ಕಲಾವಿದರದು. ‘ಟೆಕ್ಸಸ್ ಹೋಲ್ಡ್ ಎಮ್’ಗೆ ಬ್ಯಾಂಜೊ ನುಡಿಸಿದ ರಿಯಾನನ್ ಗಿಡನ್ಸ್ ಆ ವಾದ್ಯದ ಆಫ್ರಿಕನ್ ಬೇರುಗಳನ್ನು ನೆನಪಿಸುತ್ತ ಬಂದವರು. ಅವರ ಪ್ರಕಾರ ಇದು ಹೊರಗಿನವರ ಪ್ರವೇಶವಲ್ಲ, ಹೊರಹಾಕಿದವರ ಮರಳುವಿಕೆ. ನನಗೆ ಮೊದಲ ಮತ್ತು ಮೂರನೆಯ ವಾದಗಳು ಪರಸ್ಪರ ಶತ್ರುಗಳಂತೆ ಕಾಣುವುದಿಲ್ಲ. ಸ್ಟೀಲ್ ಗಿಟಾರ್ ಉಳಿಯಬೇಕು ಎನ್ನುವುದಕ್ಕೂ ಕಪ್ಪು ಗಾಯಕಿಗೆ ಜಾಗವಿರಬೇಕು ಎನ್ನುವುದಕ್ಕೂ ಜಗಳವಿಲ್ಲ. ಜಗಳ ಹುಟ್ಟುವುದು ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ತಡೆದಾಗ.

ಎರಡು ಪ್ರಶಸ್ತಿಗಳಿಂದ ಏನಾಗಬಹುದು?

ವಿಭಾಗ ಒಡೆದದ್ದು ಬಿಯಾನ್ಸೆ ಗೆದ್ದದ್ದಕ್ಕೆ ಪ್ರತೀಕಾರ ಎಂಬ ಮಾತು ಜಾಲತಾಣಗಳಲ್ಲಿ ಜೋರಾಗಿ ಕೇಳಿಬಂತು. ಈ ಪ್ರಸ್ತಾವ ಹಿಂದೆಯೂ ಹಲವು ಬಾರಿ ಬಂದಿತ್ತು, ಈಗ ಅಂಗೀಕಾರವಾಯಿತು ಎಂದು ಅಕಾಡೆಮಿ ಹೇಳುತ್ತದೆ. ಬ್ಲೂಸ್‌ನಲ್ಲಿ ಸಾಂಪ್ರದಾಯಿಕ, ಸಮಕಾಲೀನ ಎಂಬ ಎರಡು ವಿಭಾಗಗಳು ಈಗಾಗಲೇ ಇವೆ, ಪಾಪ್‌ನಲ್ಲೂ ಸಾಂಪ್ರದಾಯಿಕ ವಿಭಾಗವಿದೆ. ಗ್ರ್ಯಾಮಿ ವಿಭಾಗಗಳ ಹೆಸರು, ಗಾತ್ರ ಆಗಾಗ ಬದಲಾಗುವುದು ಬೆಂಗಳೂರಿನ ರಿಕಿ ಕೇಜ್ ಅವರ ಗೆಲುವುಗಳನ್ನು ಗಮನಿಸಿದ ಕನ್ನಡಿಗರಿಗೂ ಗೊತ್ತು. ಅವರು ಗೆದ್ದಾಗ ನ್ಯೂ ಏಜ್ ಎಂದಷ್ಟೇ ಇದ್ದ ವಿಭಾಗದ ಹೆಸರಿನಲ್ಲಿ ಈಗ ಮಂತ್ರಪಠಣವೂ ಸೇರಿದೆ. ಆದ್ದರಿಂದ ಪ್ರತೀಕಾರದ ಆರೋಪಕ್ಕೆ ಪುರಾವೆ ಸಾಲದು.

ಆದರೆ ಅಕಾಡೆಮಿ ಕೊಟ್ಟ ವ್ಯಾಖ್ಯೆಯನ್ನು ಓದಿದರೆ ಮುಂದಿನ ತೊಡಕುಗಳು ಕಾಣುತ್ತವೆ. ಸಾಂಪ್ರದಾಯಿಕ ಎನಿಸಿಕೊಳ್ಳಲು ಅಕೌಸ್ಟಿಕ್ ಗಿಟಾರ್, ಸ್ಟೀಲ್ ಗಿಟಾರ್, ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್, ಪಿಯಾನೊ, ಎಲೆಕ್ಟ್ರಿಕ್ ಗಿಟಾರ್ ಮತ್ತು ಕೈಯಿಂದ ಬಾರಿಸಿದ ಡ್ರಮ್ಸ್‌ನಂಥ ವಾದ್ಯಗಳಿರಬೇಕು ಎಂದು ಅದು ಹೇಳುತ್ತದೆ. ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸಂಪ್ರದಾಯವಾದದ್ದು ಯಾವಾಗ? ಓಪ್ರಿಯ ವೇದಿಕೆಯಲ್ಲಿ ಡ್ರಮ್ಸ್‌ಗೆ ದಶಕಗಳ ಕಾಲ ಪ್ರವೇಶ ಸುಲಭವಿರಲಿಲ್ಲ. 1944ರಲ್ಲಿ ವಾದ್ಯಮೇಳದ ನಾಯಕ ಬಾಬ್ ವಿಲ್ಸ್ ಡ್ರಮ್ಸ್ ತಂದಾಗ ಅದೇ ದೊಡ್ಡ ಜಗಳವಾಗಿತ್ತು. ಮೊದಲ ಸಾಂಪ್ರದಾಯಿಕ ಪ್ರಶಸ್ತಿ ಗೆದ್ದ ಝ್ಯಾಕ್ ಟಾಪ್ 1997ರಲ್ಲಿ ಹುಟ್ಟಿದವರು, ಅವರ ಧಾಟಿ 1990ರ ದಶಕದ್ದು. ಪಾಪ್ ಆಗಿಹೋಯಿತು ಎಂದು ಹಿರಿಯರು ಅಂದು ದೂರಿದ ದಶಕ ಅದು.

ಸಮಕಾಲೀನ ಪಟ್ಟಿಯಲ್ಲಿದ್ದ ಟೈಲರ್ ಚಿಲ್ಡರ್ಸ್ ಅವರ ‘ಸ್ನೈಪ್ ಹಂಟರ್’ ಇನ್ನೂ ಕುತೂಹಲದ್ದು. ಕೆಂಟಕಿಯ ಕಲ್ಲಿದ್ದಲು ಸೀಮೆಯಿಂದ ಬಂದ ಚಿಲ್ಡರ್ಸ್ ಪಿಟೀಲು, ಬ್ಯಾಂಜೊಗಳನ್ನು ಬಿಡದೆ ಹಾಡುವವರು. ಅವರನ್ನು ಸಂಪ್ರದಾಯದ ವಾರಸುದಾರ ಎಂದೇ ಅಭಿಮಾನಿಗಳು ಕಾಣುತ್ತಾರೆ. ಇದೇ ಆಲ್ಬಂನಲ್ಲಿ ‘ತೀರ್ಥಯಾತ್ರಾ’ ಎಂಬ ಹಾಡಿದೆ. ಭಗವದ್ಗೀತೆಯನ್ನು ಓದಿಕೊಂಡ ಬೆಟ್ಟದ ಸೀಮೆಯವನೊಬ್ಬ ಭಾರತಕ್ಕೆ, ಕುರುಕ್ಷೇತ್ರಕ್ಕೆ ಹೋಗುವ ಆಸೆಯನ್ನು ಅದರಲ್ಲಿ ಹಾಡುತ್ತಾನೆ. ಇದು ಸಂಪ್ರದಾಯವೋ ಹೊಸತೋ? ಹೊಸ ನಿಯಮಕ್ಕೆ ಇಂಥ ಕೃತಿಗಳನ್ನು ಸೀಳಿ ಇಡುವುದು ಸುಲಭವಾಗದು.

ಮೊದಲ ಪರಿಣಾಮ ಒಳ್ಳೆಯದೇ ಆಗುವ ಸಂಭವವಿದೆ. ಚಾರ್ಲಿ ಕ್ರಾಕೆಟ್, ಮಾರ್ಗೊ ಪ್ರೈಸ್ ಅಂಥವರಿಗೆ ರೇಡಿಯೊ ಬಲವಿಲ್ಲ. ಸಾಂಪ್ರದಾಯಿಕ ವಿಭಾಗದ ಮೊದಲ ಪಟ್ಟಿಯಲ್ಲಿ ಇಬ್ಬರೂ ಇದ್ದರು. ಸ್ಟೀಲ್ ಗಿಟಾರ್ ಇದ್ದರೆ ಪ್ರಶಸ್ತಿಗೆ ದಾರಿಯಿದೆ ಎಂದಾದರೆ ಸ್ಟುಡಿಯೊಗಳು ಆ ವಾದಕರನ್ನು ಕರೆಯುತ್ತವೆ. ಕೈವಾದ್ಯದ ಷರತ್ತಿಗೆ ಇನ್ನೊಂದು ಉಪಯೋಗವೂ ಒದಗಿಬಂದಿದೆ. 2025ರ ನವೆಂಬರ್‌ನಲ್ಲಿ ಬ್ರೇಕಿಂಗ್ ರಸ್ಟ್ ಎಂಬ ಹೆಸರಿನಲ್ಲಿ ಕೃತಕ ಬುದ್ಧಿಮತ್ತೆಯಿಂದ ತಯಾರಾದ ಹಾಡೊಂದು ಬಿಲ್‌ಬೋರ್ಡ್‌ನ ಕಂಟ್ರಿ ಡಿಜಿಟಲ್ ಮಾರಾಟಪಟ್ಟಿಯ ತುದಿಗೇರಿತು. ಕೆಲವೇ ಸಾವಿರ ಪ್ರತಿ ಮಾರಿದರೆ ಗೆಲ್ಲಬಹುದಾದ ಚಿಕ್ಕ ಪಟ್ಟಿ ಅದು, ನಿಜ. ಆದರೂ ಮನುಷ್ಯರ ಕೈ ಬೇಕೆನ್ನುವ ಒಂದು ವಿಭಾಗವಾದರೂ ಇರುವುದಕ್ಕೆ ಈಗ ಹೆಚ್ಚು ಅರ್ಥ ಬಂದಿದೆ.

ಎರಡನೆಯ ಪರಿಣಾಮ ಆತಂಕದ್ದು. ಯಾವ ಆಲ್ಬಂ ಯಾವ ವಿಭಾಗಕ್ಕೆ ಎಂದು ತೀರ್ಮಾನಿಸುವುದು ಅಕಾಡೆಮಿಯ ಪರಿಶೀಲನಾ ಸಮಿತಿಗಳು. 2016ರಲ್ಲಿ ಬಿಯಾನ್ಸೆಯವರ ‘ಡ್ಯಾಡಿ ಲೆಸನ್ಸ್’ ಹಾಡನ್ನು ಕಂಟ್ರಿ ಸಮಿತಿ ತಿರಸ್ಕರಿಸಿತ್ತು. 2021ರಲ್ಲಿ ಕಂಟ್ರಿ ಗಾಯಕಿ ಕೇಸಿ ಮಸ್‌ಗ್ರೇವ್ಸ್ ಅವರ ‘ಸ್ಟಾರ್-ಕ್ರಾಸ್ಡ್’ ಆಲ್ಬಂ ಕಂಟ್ರಿ ಅಲ್ಲ ಎಂದು ಅದನ್ನು ಪಾಪ್ ವಿಭಾಗಕ್ಕೆ ತಳ್ಳಲಾಯಿತು, ಆದರೆ ಅದೇ ಆಲ್ಬಂನ ಒಂದು ಹಾಡು ಕಂಟ್ರಿ ವಿಭಾಗದಲ್ಲಿ ಉಳಿಯಿತು. ಅವರ ರೆಕಾರ್ಡ್ ಕಂಪನಿಯ ಮುಖ್ಯಸ್ಥರು ಅಕಾಡೆಮಿಗೆ ಪತ್ರ ಬರೆದು ಆಕ್ಷೇಪಿಸಿದರೂ ತೀರ್ಮಾನ ಬದಲಾಗಲಿಲ್ಲ. ಒಂದು ಗಡಿಯಿದ್ದಾಗಲೇ ಹೀಗೆ. ಈಗ ಎರಡು ಗಡಿಗಳಿವೆ. ಬ್ಯಾಂಜೊ ಹಿಡಿದ ಕಪ್ಪು ಗಾಯಕಿಯೊಬ್ಬರು ನಾಳೆ ಆಲ್ಬಂ ಸಲ್ಲಿಸಿದರೆ ಅದನ್ನು ಸಂಪ್ರದಾಯ ಎನ್ನುತ್ತಾರೋ, ಸಮಕಾಲೀನ ಎನ್ನುತ್ತಾರೋ, ಕಂಟ್ರಿಯೇ ಅಲ್ಲ ಎನ್ನುತ್ತಾರೋ ಎಂಬುದು ಮುಚ್ಚಿದ ಕೋಣೆಯಲ್ಲಿ ಕೂತವರ ಕೈಯಲ್ಲಿದೆ. ವಿಭಾಗ ಬದಲಿಸಿದ ಪ್ರತಿ ಕೃತಿಗೂ ಅಕಾಡೆಮಿ ಕಾರಣವನ್ನು ಬರೆದು ಪ್ರಕಟಿಸಬೇಕು; ವಾದ್ಯವೋ, ತಾಳವೋ, ಹಾಡುವ ರೀತಿಯೋ, ಯಾವುದರಿಂದ ಅದು ಹೊರಗಾಯಿತು ಎಂದು ಕಲಾವಿದರಿಗೂ ಕೇಳುಗರಿಗೂ ತಿಳಿಯಬೇಕು. ಬಿಲ್‌ಬೋರ್ಡ್ ಕೂಡ 2019ರಲ್ಲಿ ಮಾಡಿದಂತೆ ಯಾರಾದರೂ ಕೇಳುವವರೆಗೆ ಕಾಯದೆ ತನ್ನ ಅಳತೆಗೋಲನ್ನು ಮೊದಲೇ ಹೊರಗಿಡಬೇಕು. ಈ ಎರಡು ಸಂಸ್ಥೆಗಳು ಅಷ್ಟು ಮಾಡುವವರೆಗೆ, ಕಂಟ್ರಿಯಿಂದ ಹೊರಬಿದ್ದ ಪ್ರತಿ ಕಪ್ಪು ಕಲಾವಿದರ ಹಾಡಿನ ಮೇಲೂ 2019ರ ಅನುಮಾನ ಉಳಿದೇ ಇರುತ್ತದೆ.